ಐವತ್ತರ ಹಬ್ಬಕ್ಕೊಂದು ಹೊಸ ಸೈಕಲ್

ರೂಲ್ಫೀನ್ ಸೈಕಲ್ ಬಿಟ್ಟು ಬಸ್ಸಿಗೆ ಕಾಯುತ್ತಿದ್ದಾಳೆ ಎಂಬ ಸುದ್ದಿ ಹತ್ತು ಗಂಟೆಯ ಕಾಫಿ ಹೊತ್ತಿಗೆಲ್ಲ ಅವಳ ಅಕ್ಕ ಯಾಂಟೀನಳ ಕಿವಿ ಮುಟ್ಟಿತ್ತು. ಡಚ್ಚರ ನಾಡಿನ ದ್ರೆಂತೆ ಸೀಮೆಯ ಆ ಊರಿನಲ್ಲಿ ಗಂಡ ಬಿಟ್ಟುಹೋದರೆ ಜನ ಒಂದು ವಾರ ಆಡಿಕೊಂಡು ಸುಮ್ಮನಾಗುತ್ತಾರೆ. ಸೈಕಲ್ ಬಿಟ್ಟರೆ ಹಾಗಲ್ಲ. ಹೆರಿಗೆ ನೋವು ಬಂದ ಹೆಂಗಸರು ಸೂಲಗಿತ್ತಿಯ ಮನೆಗೆ ತಾವೇ ತುಳಿದುಕೊಂಡು ಹೋದದ್ದಿದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಊರುಗೋಲನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಒಂಟಿ ಕಾಲಲ್ಲಿ ತುಳಿದದ್ದಿದೆ. ಅಂಥ ಊರಲ್ಲಿ, ಮೇ ತಿಂಗಳ ಒಳ್ಳೆಯ ಬಿಸಿಲಲ್ಲಿ, ಗಟ್ಟಿಮುಟ್ಟಾದ ಹೆಂಗಸೊಬ್ಬಳು ಬಸ್ ನಿಲ್ದಾಣದಲ್ಲಿ, ಅದೂ ಪಕ್ಕದಲ್ಲೇ ಬೆಂಚಿದ್ದರೂ ಕೂರದೆ ನಿಂತಿದ್ದಾಳೆ ಎಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ನಾನಾಗಿದ್ದರೂ ಓಡಿಹೋಗಿ ನಾಲ್ಕು ಮನೆಗೆ ಹೇಳುತ್ತಿದ್ದೆ.

ರೂಲ್ಫೀನ್ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸು. ಊರಿನ ಅರ್ಧಕ್ಕರ್ಧ ಮುದುಕ ಮುದುಕಿಯರ ಬೆನ್ನು ತಿಕ್ಕಿದವಳು. ಎಲ್ಲಿ ಹುಣ್ಣಾಗಿದೆ, ಎಲ್ಲಿ ಉರಿಯುತ್ತದೆ, ಹೊಟ್ಟೆ ಸರಿಯಾಗಿ ಹೋಯಿತೋ ಇಲ್ಲವೋ ಎಂದು ಹವಾಮಾನ ಕೇಳಿದಷ್ಟು ಸಲೀಸಾಗಿ ಕೇಳುವವಳು. ಇನ್ನೊಬ್ಬರ ದೇಹದ ವಿಷಯದಲ್ಲಿ ಅವಳಿಗೆ ಸಂಕೋಚ ಎಂಬುದೇ ಇರಲಿಲ್ಲ. ತನ್ನ ದೇಹದ ವಿಷಯದಲ್ಲಿ ಮಾತ್ರ ಇಪ್ಪತ್ತೈದು ವರ್ಷ ತುಟಿ ಪಿಟಕ್ಕೆನ್ನಲಿಲ್ಲ.

ವಿಷಯ ಇಷ್ಟೇ. ಅವಳ ಯೋನಿಯ ಒಳತುಟಿಗಳು ಉದ್ದ. ಅದರಲ್ಲಿ ವಿಚಿತ್ರವೇನಿಲ್ಲ, ಮೂಗು ಹೇಗೆ ಒಬ್ಬೊಬ್ಬರಿಗೆ ಒಂದೊಂದು ಥರವೋ ಇದೂ ಹಾಗೆಯೇ. ಆದರೆ ಮೂಗಿನ ಮೇಲೆ ಕೂತು ಯಾರೂ ಸೈಕಲ್ ತುಳಿಯುವುದಿಲ್ಲ. ರೂಲ್ಫೀನ್ ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆಯಿಂದ ಮನೆಗೆ ತುಳಿಯಬೇಕಿತ್ತು. ಸೀಟಿಗೆ ಉಜ್ಜಿ ಉಜ್ಜಿ ಊದಿಕೊಳ್ಳುವುದು, ಚರ್ಮ ಸುಲಿದು ಉರಿಯುವುದು, ಮಾರನೆಯ ದಿನ ಅದರ ಮೇಲೇ ಮತ್ತೆ ಕೂರುವುದು. ಅಗಲ ಸೀಟು, ಮೆತ್ತನೆ ಸೀಟು, ನಡುವೆ ತೂತಿರುವ ಸೀಟು, ಮುಲಾಮು, ದಪ್ಪ ಚಡ್ಡಿ, ಎಲ್ಲ ಆಯಿತು. ಕೊನೆಗೆ ಎದೆ ಗಟ್ಟಿ ಮಾಡಿಕೊಂಡು ಪಟ್ಟಣದ ಆಸ್ಪತ್ರೆಗೆ ಹೋದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಡಚ್ಚರ ಭಾಷೆಯಲ್ಲಿ ಆ ಅಂಗಕ್ಕೆ ‘ನಾಚಿಕೆಯ ತುಟಿ’ ಎಂದೇ ಹೆಸರು. “ನಾವೀಗ ಹಾಗೆ ಅನ್ನೋದು ಬಿಟ್ಟಿದೀವಿ ಮೇಡಂ, ಅದ್ರಲ್ಲಿ ನಾಚಿಕೆ ಪಡೋದೇನಿದೆ ಹೇಳಿ?” ಎಂದು ಡಾಕ್ಟರು ಕೇಳಿದರೆ ರೂಲ್ಫೀನ್ ಕಿವಿಯವರೆಗೂ ಕೆಂಪಾಗಿ, “ಏನಿಲ್ಲ, ಏನೇನೂ ಇಲ್ಲ,” ಎಂದು ಕಿಟಕಿಯ ಕಡೆ ತಿರುಗಿದ್ದಳು.

ಶಸ್ತ್ರಚಿಕಿತ್ಸೆಯಿಂದ ಚಿಕ್ಕದು ಮಾಡಿಸುವುದು ಎಂದಾಯಿತು. ಸರದಿ ಚಳಿಗಾಲಕ್ಕೆ ಬರಬೇಕಿತ್ತು. ಯಾರೋ ಹಿಂದೆ ಸರಿದರಂತೆ, “ಮುಂದಿನ ವಾರ ಬರ್ತೀರಾ?” ಎಂದು ಆಸ್ಪತ್ರೆಯಿಂದ ಫೋನು ಬಂತು. ರೂಲ್ಫೀನ್ ಹಿಂದುಮುಂದು ನೋಡದೆ ಹೂಂ ಎಂದಳು. ಫೋನ್ ಇಟ್ಟ ಮೇಲೆ ಕ್ಯಾಲೆಂಡರ್ ನೋಡಿದಳು. ಅದರ ಮುಂದಿನ ವಾರವೇ ಅವಳಿಗೆ ಐವತ್ತು ತುಂಬುತ್ತಿತ್ತು.

ಆ ದೇಶದಲ್ಲಿ ಬೇರೆ ಯಾವ ಹುಟ್ಟುಹಬ್ಬವನ್ನಾದರೂ ಮುಂದೆ ಹಾಕಬಹುದು, ಹೆಂಗಸಿನ ಐವತ್ತನೆಯದನ್ನು ಹಾಕುವಂತಿಲ್ಲ. ಐವತ್ತು ತುಂಬಿದವಳು ಬೈಬಲ್ಲಿನ ಸಾರಾ ಮುದುಕಿಯನ್ನು ಕಂಡಳು ಎನ್ನುತ್ತಾರೆ. ಹಳೇ ಬಟ್ಟೆಗೆ ಹುಲ್ಲು ತುರುಕಿ ಮುದುಕಿ ಬೊಂಬೆ ಮಾಡಿ ರಾತ್ರೋರಾತ್ರಿ ಮನೆ ಮುಂದೆ ಕೂರಿಸುತ್ತಾರೆ. ಹಬ್ಬದ ದಿನ ನೆಂಟರೆಲ್ಲ ಬಂದು ದುಂಡಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೂತರೆ ಕೂತದ್ದೇ, ಕಾಫಿ ಕೇಕು ಮುಗಿದು, ಚೀಸು ಮುಗಿದು, ಬಿಯರು ಮುಗಿಯುವ ತನಕ ಯಾರೂ ಏಳುವುದಿಲ್ಲ. ಆ ಕುರ್ಚಿಗಳ ಸುತ್ತಿನಲ್ಲಿ ಬಿದ್ದ ಮಾತಿಗೆ ಸಾವಿಲ್ಲ. ಯಾಂಟೀನಳ ಗಂಡ ಬೇರೆಂಡ್ ಮದುವೆಗೆ ಮುಂಚೆ ಒಮ್ಮೆ ಕುಡಿದು ಕಾಲುವೆಗೆ ಬಿದ್ದಿದ್ದ. ಈಗ ಅವನಿಗೆ ಮೊಮ್ಮಕ್ಕಳಿದ್ದಾರೆ, ಆದರೂ ಪ್ರತಿ ಹಬ್ಬದಲ್ಲೂ ಅವನನ್ನು ಹೊಸದಾಗಿ ಕಾಲುವೆಗೆ ತಳ್ಳುತ್ತಾರೆ.

ರೂಲ್ಫೀನಳಿಗೆ ಅವರ ನಗೆಯ ಭಯ ಅಷ್ಟಿರಲಿಲ್ಲ. ಅವಳ ಭಯವೆಲ್ಲ ಅಮ್ಮನದು. ಎಪ್ಪತ್ತಾರರ ಹಿಲ್ಲೆಖೀನ್ ಮುಖಕ್ಕೆ ನೀರು ಬಿಟ್ಟು ಇನ್ನೇನೂ ಸೋಕಿಸಿದವಳಲ್ಲ. ಶೋಕಿ ಎಂದರೆ ಅವಳಿಗೆ ಕಳ್ಳತನದಷ್ಟೇ ಕೆಟ್ಟದ್ದು. ಯಾಂಟೀನ್ ಹುಬ್ಬಿಗೆ ಹಚ್ಚೆ ಹಾಕಿಸಿಕೊಂಡು ಬಂದಾಗ ಅಮ್ಮ ಒಂದು ವರ್ಷ ಅವಳ ಗಲ್ಲ ನೋಡಿಕೊಂಡೇ ಮಾತಾಡಿದ್ದಳು, ಕಣ್ಣು ಅದಕ್ಕಿಂತ ಮೇಲೆ ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ಯಾವುದೋ ಟಿವಿ ಕಾರ್ಯಕ್ರಮದ ನೆಪದಲ್ಲಿ ಇಂಥ ಶಸ್ತ್ರಚಿಕಿತ್ಸೆಯ ಮಾತು ಬಂದಿತ್ತು. “ಅಲ್ಲಿ ಬೇರೆ ಚೆಂದ ಮಾಡಿಸ್ಕೋತಾರಂತೆ ಕಣ್ರೇ! ಕನ್ನಡಿ ಹಿಡಿದು ಬಗ್ಗಿ ನೋಡ್ಕೊಳ್ಳೋಕೆ ಅಷ್ಟು ಪುರುಸೊತ್ತು ಎಲ್ಲಿಂದ ಬರತ್ತೋ!” ಎಂದು ಯಾಂಟೀನ್ ಗಹಗಹಿಸಿದ್ದಳು. ಅಮ್ಮ ನಗಲಿಲ್ಲ. ಕಪ್ಪನ್ನು ಬಸಿಯ ಮೇಲೆ ಟಕ್ಕನೆ ಇಟ್ಟು, “ಸಾಕು,” ಎಂದಿದ್ದಳು. ಆ ಟಕ್ಕೆಂಬ ಸದ್ದು ರೂಲ್ಫೀನಳ ಕಿವಿಯಲ್ಲಿ ಉಳಿದುಬಿಟ್ಟಿತು. ಅಮ್ಮನ ಇಬ್ಬರು ಹೆಣ್ಣುಮಕ್ಕಳಲ್ಲಿ ಗಂಭೀರ ಸ್ವಭಾವದವಳು ಎಂದು ಹೆಸರು ತೆಗೆದುಕೊಂಡಿದ್ದವಳು ಇವಳು. ಆ ಹೆಸರು ಕಳೆದುಕೊಳ್ಳಲು ಅವಳು ಸಿದ್ಧಳಿರಲಿಲ್ಲ. ಆದ್ದರಿಂದ ಎರಡು ವಾರ ರಜೆ ಹಾಕಿ, ತೋಟದ ಕೆಲಸವಿದೆ ಎಂದು ಹೇಳಿ, ಗಂಡ ಲಾಮರ್ಟ್ ಒಬ್ಬನಿಗೆ ಮಾತ್ರ ವಿಷಯ ತಿಳಿಸಿ ಆಸ್ಪತ್ರೆಗೆ ಹೋದಳು.

ಶಸ್ತ್ರಚಿಕಿತ್ಸೆ ಅಂದುಕೊಂಡದ್ದಕ್ಕಿಂತ ಸುಲಭವಾಗಿಯೇ ಆಯಿತು. ಅಲ್ಲಿಗಷ್ಟೇ ಮರಗಟ್ಟುವ ಸೂಜಿ ಚುಚ್ಚಿ, ಹೆಚ್ಚಿದ್ದನ್ನು ತೆಗೆದು, ತಾನಾಗಿ ಕರಗುವ ದಾರದಲ್ಲಿ ಹೊಲಿದು ಮಧ್ಯಾಹ್ನದೊಳಗೆ ಮನೆಗೆ ಕಳಿಸಿದರು. ಕಷ್ಟ ಶುರುವಾದದ್ದು ಮನೆಯಲ್ಲಿ. ಎಲ್ಲ ಊದಿಕೊಂಡು, ನೇರಳೆ ಬಣ್ಣಕ್ಕೆ ತಿರುಗಿ, ಕಾಲು ಅಗಲಿಸಿ ಬಾತುಕೋಳಿ ನಡಿಗೆ ನಡೆಯಬೇಕಾಯಿತು. ಕನ್ನಡಿ ಹಿಡಿದು ನೋಡಿಕೊಂಡವಳಿಗೆ ಇವರು ಚಿಕ್ಕದು ಮಾಡಿದರೋ ದೊಡ್ಡದು ಮಾಡಿದರೋ ಎಂದೇ ತಿಳಿಯಲಿಲ್ಲ. ಗಾಬರಿಯಿಂದ ಫೋನ್ ಮಾಡಿದರೆ ಆಸ್ಪತ್ರೆಯ ನರ್ಸು, “ಊತ ಇಳಿಯತ್ತೆ. ನೀವು ಮೊದ್ಲು ಕನ್ನಡಿ ಕೆಳಗಿಡಿ,” ಎಂದಳು. ಮೂತ್ರಕ್ಕೆ ಹೋಗಿಬಂದಾಗಲೆಲ್ಲ ಸೀಸೆಯಿಂದ ಉಗುರುಬೆಚ್ಚಗಿನ ನೀರು ಸುರಿದುಕೊಂಡು, ಉಜ್ಜದೆ, ಬಟ್ಟೆಯಿಂದ ಮೆತ್ತಗೆ ಒತ್ತಿ ಒಣಗಿಸಬೇಕು. ಪ್ಯಾಂಟು ತೊಡುವಂತಿಲ್ಲ, ಈಜುವಂತಿಲ್ಲ, ಆರು ವಾರ ಸೈಕಲ್ಲಿನ ಹತ್ತಿರ ಸುಳಿಯುವಂತಿಲ್ಲ. ಇವುಗಳಿಗಿಂತ ದೊಡ್ಡ ಶತ್ರು ಸೀನು. ಹುಲ್ಲಿಗೆ ಹೂವು ಬಂದರೆ ಸೀನುವ ಚಾಳಿ ಅವಳಿಗೆ ಮೊದಲಿನಿಂದ ಇತ್ತು. “ಬಂತು, ಬಂತು!” ಎಂದು ಅವಳು ಕೂಗಿದರೆ ಲಾಮರ್ಟ್ ಎಲ್ಲಿದ್ದರೂ ಓಡಿಬಂದು ಅವಳ ಎರಡೂ ಭುಜ ಹಿಡಿಯುತ್ತಿದ್ದ. ಅದರಿಂದ ಏನು ಉಪಯೋಗವೋ ಇಬ್ಬರಿಗೂ ಗೊತ್ತಿರಲಿಲ್ಲ.

ಲಾಮರ್ಟ್ ಹಾಲಿನ ಟ್ಯಾಂಕರ್ ಓಡಿಸುವವನು, ಆರಡಿ ಮೇಲೆ ಎತ್ತರ, ಬಹಳ ಒಳ್ಳೆಯವನು, ಅಡಿಗೆಮನೆಯಲ್ಲಿ ಮಾತ್ರ ಅಪಾಯ. ಊತಕ್ಕೆ ತಂಪು ಹಿಡಿಯಲೆಂದು ರೂಲ್ಫೀನ್ ಫ್ರೀಜರ್ ತುಂಬ ಹಸಿ ಬಟಾಣಿಯ ಚೀಲ ತುಂಬಿಸಿದ್ದಳು. ಒಂದನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ನಡುವೆ ಇಟ್ಟುಕೊಳ್ಳುವುದು, ಮೆತ್ತಗಾದರೆ ಇನ್ನೊಂದು. ಒಂದು ಸಂಜೆ ಅವನು ಆಲೂಗಡ್ಡೆ ಬಟಾಣಿ ಬೇಯಿಸಿ, ಮೇಲೆ ಬೆಣ್ಣೆ ಹಾಕಿ, ಹೆಮ್ಮೆಯಿಂದ ಸೋಫಾದ ಹತ್ತಿರಕ್ಕೇ ತಟ್ಟೆ ತಂದ.

“ಯಾವ ಚೀಲದ್ದೋ ಇದು?” ಎಂದಳು ರೂಲ್ಫೀನ್.

“ಟೇಬಲ್ ಮೇಲಿತ್ತಲ್ಲ, ಮೆತ್ತಗಾಗಿತ್ತು. ಬೇಗ ಬೇಯತ್ತೆ ಅಂತ ಅದ್ನೇ ಹಾಕಿದೆ.”

“ಲಾಮರ್ಟ್, ಅದು ಊಟದ್ದಲ್ಲ ಕಣೋ. ನನ್ನ ಔಷಧಿ.”

ಅವನ ಬಾಯಿ ತುಂಬ ಬಟಾಣಿ. ಸ್ವಲ್ಪ ಹೊತ್ತು ಅಗಿಯದೆ ಯೋಚಿಸಿದ. “ಚೀಲ ಏನೂ ಒಡೆದಿರ್ಲಿಲ್ವಲ್ಲ,” ಎಂದು ನುಂಗಿ, ಅವಳ ತಟ್ಟೆಯದನ್ನೂ ತನಗೇ ಬಡಿಸಿಕೊಂಡ. ರೂಲ್ಫೀನಳಿಗೆ ನಗು ತಡೆಯಲಾಗಲಿಲ್ಲ, ನಕ್ಕರೆ ಹೊಲಿಗೆ ಜಗ್ಗಿ ಅಳು ಬಂತು. ಅವನು ತಟ್ಟೆ ಇಟ್ಟು ಅವಳ ಭುಜ ಹಿಡಿದುಕೊಂಡ.

ಎರಡನೆಯ ವಾರಕ್ಕೆ ಊತ ಇಳಿಯಿತು, ತುರಿಕೆ ಏರಿತು. ಒಣಗುವ ಹೊಲಿಗೆಯ ತುರಿಕೆ ಅದು, ಕೆರೆಯುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ಅಡಿಗೆಮನೆಯಲ್ಲಿ ಕಾಲು ಬದಲಿಸಿ ಕುಣಿಯುವುದೊಂದೇ ದಾರಿ. ಆದರೂ ಒಳಗೊಳಗೇ ಅವಳಿಗೆ ಹೇಳಲಾರದಷ್ಟು ಸಂತೋಷವಾಗಿತ್ತು. ನಡೆಯುವಾಗ ಏನೂ ಉಜ್ಜುತ್ತಿರಲಿಲ್ಲ. ನಡುವಯಸ್ಸಿನವಳು ಹಜಾರದಲ್ಲಿ ಸುಮ್ಮನೆ ಆ ತುದಿಯಿಂದ ಈ ತುದಿಗೆ ನಡೆದು ನಡೆದು ನೋಡಿಕೊಂಡಳು. ಹೊಲಿಗೆ ತೋರಿಸಲು ಆಸ್ಪತ್ರೆಗೆ ಹೋಗುವ ದಿನ ಲಾಮರ್ಟ್ ಟ್ಯಾಂಕರ್ ಮೇಲೆ ಹೋಗಿದ್ದರಿಂದ ಬಸ್ಸಿಗೆ ನಿಂತಳು, ಊರಿನ ಕಣ್ಣಿಗೆ ಬಿದ್ದಳು.

ಸಂಜೆಗೆ ಯಾಂಟೀನಳ ಫೋನು ಬಂತು.

“ಏನೇ, ಬಸ್ಸಲ್ಲಿ ಹೋದ್ಯಂತೆ?”

“ಯಾರು ಹೇಳಿದ್ರಕ್ಕ?”

“ಯಾರು ಹೇಳ್ಲಿಲ್ಲ ಅಂತ ಕೇಳು. ಸೈಕಲ್ ಎಲ್ಲೇ ನಿಂದು?”

ರೂಲ್ಫೀನ್ ಸುಳ್ಳು ಹೇಳುವುದರಲ್ಲಿ ಹುಟ್ಟಾ ದಡ್ಡಿ. “ಸೈಕಲ್ಲು... ಸದ್ಯಕ್ಕೆ ಇಲ್ಲ ಅಕ್ಕ,” ಎಂದಳು.

“ಇಲ್ಲ ಅಂದ್ರೆ? ಎಲ್ಲಿ ಹೋಯ್ತು?” ಯಾಂಟೀನಳ ದನಿ ಏರಿತು. “ಕದ್ದರಾ?”

ರೂಲ್ಫೀನ್ ಸುಮ್ಮನಾದಳು. ಆ ದೇಶದಲ್ಲಿ ಈ ಪ್ರಶ್ನೆಗೆ ಸುಮ್ಮನಾದರೆ ಅದಕ್ಕೆ ಇರುವುದು ಒಂದೇ ಅರ್ಥ.

“ಅಯ್ಯೋ ನನ್ನ ಕಂದಾ! ಸ್ಟೇಷನ್ ಹತ್ರ ಬಿಟ್ಟಿದ್ಯಾ? ಎಷ್ಟು ಸಲ ಬಡ್ಕೊಂಡೆ, ಎರಡು ಬೀಗ ಹಾಕೇ, ಎರಡು ಬೀಗ ಹಾಕೇ ಅಂತ! ಅವರ ಕೈ ಸೇದಿಹೋಗ! ಅದಕ್ಕೇ ಕೂರೋಕೂ ಮನಸ್ಸಿಲ್ದೆ ನಿಂತಿದ್ಯಂತೆ ಪಾಪ.”

“ಹೂಂ,” ಎಂದಳು ರೂಲ್ಫೀನ್. ಜೀವನದಲ್ಲಿ ಮೊದಲ ಸಲ ಅವಳಿಗೆ ಕಳ್ಳರ ಮೇಲೆ ಪ್ರೀತಿ ಉಕ್ಕಿತು.

ಕಳ್ಳರು ಕದ್ದ ಸೈಕಲ್ ಹಿತ್ತಲ ಗೋಡೆಗೆ ಒರಗಿ ಆರಾಮವಾಗಿ ನಿಂತಿತ್ತು. ಅದನ್ನು ಲಾಮರ್ಟ್ ಟಾರ್ಪಾಲು ಹೊದಿಸಿ, ಗೆಳೆಯ ಹೆಂಕನ ಕರುಗಳ ಕೊಟ್ಟಿಗೆಗೆ ಸಾಗಿಸಿದ. “ನನ್ನ ಕೈಲಿ ಸುಳ್ಳು ಹೇಳಿಸ್ಬೇಡ ಮಾರಾಯ್ತಿ, ನನ್ನ ಕಿವಿ ಕೆಂಪಾಗತ್ತೆ,” ಎಂದು ಬೇಡಿಕೊಂಡ. “ನೀನು ಬಾಯಿ ತೆಗೀಬೇಡ, ಕೇಕ್ ತಿಂತಾ ಇರು,” ಎಂದಳು ಅವಳು.

ಹಬ್ಬದ ಶನಿವಾರ ಬೆಳಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಸಾರಾ ಬೊಂಬೆ ಕೂತಿತ್ತು. ಯಾಂಟೀನಳ ಹಳೇ ಕೋಟು, ಹೂವಿನ ಟೋಪಿ, ಕೈಯಲ್ಲಿ ಹೆಣಿಗೆ ಕಡ್ಡಿ. ಕುರ್ಚಿಯಲ್ಲಿ ಕಾಲು ಚಾಚಿ, ಪೂರಾ ಭಾರ ಬಿಟ್ಟು ಕೂತಿದ್ದ ರೀತಿ ನೋಡಿ ರೂಲ್ಫೀನಳಿಗೆ ಹೊಟ್ಟೆಕಿಚ್ಚಾಯಿತು. ಮಧ್ಯಾಹ್ನಕ್ಕೆ ನೆಂಟರು ಬಂದರು. ಬಂದವರು ಪದ್ಧತಿಯಂತೆ ಎಲ್ಲರ ಕೈ ಕುಲುಕಿ, ಹೆಂಡತಿಯ ಹುಟ್ಟುಹಬ್ಬಕ್ಕೆಂದು ಲಾಮರ್ಟನಿಗೂ ಮಗಳ ಹುಟ್ಟುಹಬ್ಬಕ್ಕೆಂದು ಅಮ್ಮನಿಗೂ ಶುಭಾಶಯ ಹೇಳಿ, ಹಿತ್ತಲಲ್ಲಿ ದುಂಡಗೆ ಹಾಕಿದ್ದ ಕುರ್ಚಿಗಳಲ್ಲಿ ತಳವೂರಿದರು. ಇಬ್ಬರು ಚಿಕ್ಕಮ್ಮಂದಿರು ಮೊಟ್ಟೆ ಹಾಕಿ ಮಾಡಿದ ಹಳದಿ ಮದ್ಯವನ್ನು ಚಮಚದಲ್ಲಿ ತಿನ್ನತೊಡಗಿದರು.

ಕೂರದೇ ಇರುವುದಕ್ಕೆ ರೂಲ್ಫೀನ್ ಬೇಕಾದಷ್ಟು ಕೆಲಸ ಹುಡುಕಿಕೊಂಡಿದ್ದಳು. ಕಾಫಿ ತಂದಳು, ಹಾಲು ಮರೆತಳು, ಹಾಲು ತಂದಳು, ಸಕ್ಕರೆ ಮರೆತಳು.

“ನಿನ್ನ ಹಬ್ಬ ಕಣೇ, ಒಂದು ಗಳಿಗೆ ಕೂತ್ಕೊಳ್ಳೇ!” ಎಂದಳು ಯಾಂಟೀನ್.

“ಕೂತೆ, ಕೂತೆ,” ಎಂದು ರೂಲ್ಫೀನ್ ಅಮ್ಮನ ಕುರ್ಚಿಯ ತೋಳಿನ ಮೇಲೆ ಒಂದೇ ಕಡೆ ಭಾರ ಬಿಟ್ಟು ಒರಗಿದಳು. ಅಮ್ಮ ಓರೆಗಣ್ಣಲ್ಲಿ ನೋಡಿ, “ಹೆಣ್ಣುಕೋಳಿ ಹಾಗೆ ಯಾಕೆ ಕೂತಿದೀಯ?” ಎಂದಳು.

ಅಷ್ಟರಲ್ಲಿ ಬೇರೆಂಡ್ ಎದ್ದು ಗಂಟಲು ಸರಿಮಾಡಿಕೊಂಡ. “ನಮ್ಮ ನಾದಿನಿ ಹುಟ್ಟಿದಾಗಿನಿಂದ ಸೈಕಲ್ ಮೇಲೆ ಇದ್ದೋಳು. ಕಳ್ಳ ನನ್ಮಕ್ಕಳು ಅವಳನ್ನ ಬಸ್ ಹತ್ತಿಸಿದ್ರು. ಅದನ್ನ ನೋಡ್ಕೊಂಡು ಇರೋಕೆ ನಮ್ ಕೈಲಿ ಆಗ್ಲಿಲ್ಲ. ಎಲ್ರೂ ಸೇರಿ ದುಡ್ಡು ಹಾಕಿದ್ವಿ,” ಎಂದು ಸಿಳ್ಳೆ ಹಾಕಿದ. ಯಾಂಟೀನ್ ಮನೆಯ ಪಕ್ಕದಿಂದ ಒಂದು ಹೊಸ ಸೈಕಲ್ ತಳ್ಳಿಕೊಂಡು ಬಂದಳು. ಗಾಢ ನೀಲಿ, ಹ್ಯಾಂಡಲ್‌ಗೆ ಕೆಂಪು ರಿಬ್ಬನ್, ಮುಂದೆ ಬುಟ್ಟಿ, ಹಿಂದೆ ಎರಡು ಬೀಗ. ಎಲ್ಲರೂ ಕೈ ಮೇಲೆತ್ತಿ ಹುಟ್ಟುಹಬ್ಬದ ಹಾಡು ಹೇಳಿದರು.

ರೂಲ್ಫೀನಳ ಕಣ್ಣು ನೇರ ಹೋದದ್ದು ಸೀಟಿಗೆ. ಸಣ್ಣದು, ಉದ್ದದು, ಕಲ್ಲಿನಷ್ಟು ಗಟ್ಟಿ.

“ಏನೇ, ಬಾಯೇ ಕಟ್ಟಿಹೋಯ್ತಾ? ಹತ್ತು!” ಎಂದಳು ಯಾಂಟೀನ್.

“ಎಷ್ಟು ಚೆನ್ನಾಗಿದೆ! ಆಮೇಲೆ ಹತ್ತೀನಿ. ಕೇಕ್ ಕತ್ತರಿಸ್ಬೇಕು.”

“ಕೇಕ್ ಎಲ್ಲಿ ಓಡಿಹೋಗತ್ತೆ? ಹತ್ತೇ, ಒಂದು ಸುತ್ತು!”

“ಲಂಗ ಹಾಕಿದೀನಲ್ಲ ಅಕ್ಕ.”

“ಲೇಡೀಸ್ ಸೈಕಲ್ ಕಣೇ ಇದು, ಅಡ್ಡ ಕಂಬಿ ಎಲ್ಲಿದೆ ತೋರ್ಸು?”

“ಸೀಟು ಎತ್ತರ ಅನ್ಸತ್ತೆ.”

ಬೇರೆಂಡ್ ಜೇಬಿನಿಂದ ಸ್ಪ್ಯಾನರ್ ತೆಗೆದ. ಅವನು ಕಾದಿದ್ದು ಈ ಮಾತಿಗೇ. ಸೀಟು ಇಳಿಸಿ, ಅಂಗೈಯಿಂದ ಎರಡು ಸಲ ದಬದಬ ಬಡಿದು, “ಈಗ ಕೂತ್ಕೊ!” ಎಂದ. ಆ ಬಡಿತಕ್ಕೇ ರೂಲ್ಫೀನಳ ಹೊಲಿಗೆಗಳೆಲ್ಲ ಚುರ್ರೆಂದವು. “ಹತ್ತು! ಹತ್ತು!” ಎಂದು ಕುರ್ಚಿಗಳ ಸುತ್ತೆಲ್ಲ ಚಪ್ಪಾಳೆ ಶುರುವಾಯಿತು. ಚಿಕ್ಕಮ್ಮಂದಿರು ಚಮಚದಿಂದ ಲೋಟ ಬಡಿದರು. ಅವಳು ಹ್ಯಾಂಡಲ್ ಹಿಡಿದುಕೊಂಡಳು. ಹತ್ತಿಯೇಬಿಡಲೇ ಎಂದು ಒಮ್ಮೆ ಅನ್ನಿಸಿತು ಎಂದರೆ ಅಮ್ಮನ ಭಯ ಎಷ್ಟಿದ್ದೀತು ನೋಡಿ.

ಆಗ ಲಾಮರ್ಟನಿಗೆ ಹೆಂಡತಿಯ ಸಂಕಟ ನೋಡಲಾಗಲಿಲ್ಲ. ಬಾಯಿ ತೆಗೆಯಬೇಡ ಎಂದಿದ್ದರೂ ತೆಗೆದ. “ಇದು... ಇದೆಲ್ಲ ಯಾಕೆ ತರೋಕೆ ಹೋದ್ರಿ? ವಾಪಸ್ ಕೊಟ್ಬಿಡಿ. ಅವಳ ಹಳೇದು ಚೆನ್ನಾಗೇ ಇದೆ.”

ಚಪ್ಪಾಳೆ ನಿಂತಿತು.

“ಎಲ್ಲಿ ಚೆನ್ನಾಗಿದೆ?” ಎಂದಳು ಯಾಂಟೀನ್.

“ಹೆಂಕನ ಕೊಟ್ಟಿಗೇಲಿ,” ಎಂದ ಲಾಮರ್ಟ್. ಅಷ್ಟು ಹೊತ್ತಿಗೆ ಅವನ ಕಿವಿಗಳು ಕೆಂಪಾಗಿ, ಕೆಂಪು ಕತ್ತಿಗೂ ಇಳಿದಿತ್ತು.

“ಹಾಗಾದ್ರೆ ಕಳುವಾಗಿಲ್ಲ. ಕಳುವಾಗಿಲ್ಲ, ಆದ್ರೂ ಬಸ್ಸಲ್ಲಿ ಹೋದ್ಲು. ಆಸ್ಪತ್ರೆ ಕಡೆ ಬಸ್ಸದು.” ಯಾಂಟೀನಳ ದನಿ ಇಳಿಯಿತು. “ರಜೆ ಹಾಕಿದಾಳೆ. ಕೂರ್ತಾನೂ ಇಲ್ಲ. ರೂಲ್ಫೀನ್, ಏನೇ ಇದು?”

ಆಗ ಟಕಟಕ ಟಕಟಕ ಎಂದು ಸಣ್ಣ ಸದ್ದು ಕೇಳಿತು. ಅಮ್ಮನ ಕೈಯಲ್ಲಿದ್ದ ಕಪ್ಪು ಬಸಿಯ ಮೇಲೆ ನಡುಗುತ್ತಿತ್ತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

“ಅಪ್ಪಂಗೆ ಬಂದಿದ್ದೇ ನಿಂಗೂ ಬಂತಾ?” ಎಂದಳು ಅಮ್ಮ. “ಕ್ಯಾನ್ಸರಾ? ಹೇಳು. ನಾನು ಗಟ್ಟಿಯಾಗಿದೀನಿ.”

ಗಟ್ಟಿಯಾಗಿದೀನಿ ಎಂದವಳ ಕಾಫಿ ಮಡಿಲ ಮೇಲೆಲ್ಲ ಚೆಲ್ಲಿತ್ತು. ರೂಲ್ಫೀನಳಿಗೆ ತನ್ನ ಮೇಲೆ ಎಂಥ ಕೋಪ ಬಂತೆಂದರೆ, ಹೊಸ ಸೈಕಲ್ಲನ್ನು ದಬಕ್ಕನೆ ಗಂಡನ ಕೈಗೆ ತಳ್ಳಿದಳು. ತನ್ನ ಮಾನ ಉಳಿಸಿಕೊಳ್ಳುವುದಕ್ಕೆ ಅಮ್ಮನಿಗೆ ಮಗಳ ಸಾವು ತೋರಿಸಿದಂತಾಯಿತಲ್ಲ.

“ಇಲ್ಲಮ್ಮ! ಕ್ಯಾನ್ಸರೂ ಇಲ್ಲ ಗಿನ್ಸರೂ ಇಲ್ಲ. ಕೇಳ್ರಿ ಎಲ್ರೂ, ಒಂದೇ ಸಲ ಹೇಳ್ತೀನಿ, ಆಮೇಲೆ ವರ್ಷಾ ವರ್ಷಾ ನೀವೇ ಹೇಳ್ಕೊಳ್ಳಿ. ನನ್ನ ಕೆಳಗಿನ ಒಳತುಟಿಗಳು ಉದ್ದ ಇದ್ವು. ಇಪ್ಪತ್ತೈದು ವರ್ಷದಿಂದ ಸೈಕಲ್ ಸೀಟು ಅದನ್ನ ತರಚ್ತಾ ಇತ್ತು. ಎಷ್ಟೋ ದಿನ ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತಿದೀನಿ. ಕತ್ತರಿಸಿ ಚಿಕ್ಕದು ಮಾಡಿಸ್ಕೊಂಡೆ. ಹೊಲಿಗೆ ಇನ್ನೂ ಇದೆ. ಅದಕ್ಕೇ ಕೂರಲ್ಲ, ಅದಕ್ಕೇ ಹತ್ತಲ್ಲ. ಆಯ್ತಾ?”

ಬೇರೆಂಡ್ ಕೈಲಿದ್ದ ಸ್ಪ್ಯಾನರನ್ನೇ ಮೊದಲ ಸಲ ಕಾಣುವವನಂತೆ ನೋಡತೊಡಗಿದ. ಪಕ್ಕದ ಮನೆಯವನು ಚೀಸಿನ ತಟ್ಟೆಗೆ ಕೈ ಚಾಚಿದ್ದವನು ಚಾಚಿದಲ್ಲೇ ಬಿಟ್ಟ. ಮೊದಲು ಬಾಯಿಬಿಟ್ಟವಳು ಯಾಂಟೀನ್, ಅವಳಲ್ಲದೆ ಇನ್ನಾರು.

“ಈ ವಯಸ್ಸಲ್ಲಿ? ಯಾರಿಗೇ ತೋರ್ಸೋಕೆ?”

“ಯಾರಿಗೂ ಇಲ್ಲ. ಸೀಟಿಗೂ ನಂಗೂ ಹಳೇ ಜಗಳ ಇತ್ತು. ತೀರಿಸ್ಕೊಂಡೆ.”

ಚಿಕ್ಕಮ್ಮನೊಬ್ಬಳು ಕಿಸಕ್ಕನೆ ನಕ್ಕು ಕರವಸ್ತ್ರ ಬಾಯಿಗೆ ಹಿಡಿದಳು. ರೂಲ್ಫೀನ್ ಯಾರನ್ನೂ ನೋಡಲಿಲ್ಲ, ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮ ಕಪ್ಪು ಬಸಿಯನ್ನು ಹುಲ್ಲಿನ ಮೇಲಿಟ್ಟಳು. ಮಡಿಲು ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. ಇನ್ನು ಗಲ್ಲ ನೋಡಿಕೊಂಡು ಮಾತಾಡುತ್ತಾಳೆ, ಅದೂ ಮಾತಾಡಿದರೆ, ಎಂದು ರೂಲ್ಫೀನ್ ಮನಸ್ಸು ಕಲ್ಲು ಮಾಡಿಕೊಂಡಳು.

“ನೋವಾಯ್ತಾ?” ಎಂದಳು ಅಮ್ಮ.

“ಮೊದ್ಲ ವಾರ. ಈಗ ಬರೀ ತುರಿಕೆ.”

“ನಡೆದ್ರೆ?”

“ನಡೆದ್ರೆ ಏನೂ ಗೊತ್ತಾಗಲ್ಲಮ್ಮ. ಅಲ್ಲಿ ಏನೂ ಇಲ್ಲವೇ ಇಲ್ಲ ಅನ್ನೋ ಹಾಗಿರತ್ತೆ.”

“ಹಂ,” ಎಂದಳು ಅಮ್ಮ. ಆಮೇಲೆ ಮಗಳ ಕಣ್ಣನ್ನೇ ನೇರ ನೋಡಿದಳು. “ನಾನು ಮದುವೆಯಾದ ಹೊಸದ್ರಲ್ಲಿ ನಮ್ಮಮ್ಮನ್ನ ಕೇಳಿದ್ದೆ, ಇದು ಹೀಗೆ ಉರಿಯತ್ತಲ್ಲ, ಏನು ಮಾಡೋದು ಅಂತ. ಅಭ್ಯಾಸ ಆಗತ್ತೆ ಮಗಾ, ಅಂದ್ಲು. ಎಪ್ಪತ್ತಾರು ಆಯ್ತು ನಂಗೆ. ಇನ್ನೂ ಕಾಯ್ತಾ ಇದೀನಿ.”

ಯಾಂಟೀನ್ ತೆರೆದ ಬಾಯಿ ಮುಚ್ಚಿದಳು. ಅಷ್ಟು ಹೊತ್ತು ಅವಳ ಬಾಯಿ ಸುಮ್ಮನಿದ್ದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅನಂತರ ಚಿಕ್ಕಮ್ಮ ಕರವಸ್ತ್ರ ತೆಗೆದು, “ನಾನು ಕಾಲುಚೀಲ ಮಡಚಿ ಇಟ್ಕೋತೀನಿ. ಉಣ್ಣೇದು ಒಳ್ಳೇದು,” ಎಂದಳು. “ನೀನೂನಾ?” ಎಂದಳು ಇನ್ನೊಬ್ಬ ಚಿಕ್ಕಮ್ಮ. ಅಲ್ಲಿಂದ ಮುಂದೆ ಗಂಡಸರೆಲ್ಲ ಒಬ್ಬೊಬ್ಬರಾಗಿ ಬಿಯರ್ ನೆಪದಲ್ಲಿ ಎದ್ದು ಅಡಿಗೆಮನೆಗೆ ಹೋದರು. ಹಬ್ಬದ ನಡುವೆ ಕುರ್ಚಿ ಬಿಟ್ಟು ಏಳುವುದು ಎಂದರೆ ಸಣ್ಣ ಮಾತಲ್ಲ. ಲಾಮರ್ಟ್ ಒಬ್ಬ ಹೊಸ ಸೈಕಲ್ ಹಿಡಿದುಕೊಂಡು ಮಧ್ಯದಲ್ಲೇ ನಿಂತಿದ್ದ. “ನೀನೂ ಹೋಗಪ್ಪ,” ಎಂದು ಅಮ್ಮ ಅವನ ಬೆನ್ನು ತಟ್ಟಿ ಕಳಿಸಿದಳು.

ಯಾಂಟೀನ್ ಬಂದು ತಂಗಿಯ ಪಕ್ಕ ನಿಂತಳು. “ಬೈಯ್ಕೊಂಡ್ಯಾ ನನ್ನ?” ಎಂದಳು.

“ತುಂಬಾ,” ಎಂದಳು ರೂಲ್ಫೀನ್.

“ಬೈಯ್ಕೊ. ಸೈಕಲ್ ವಾಪಸ್ ಕೊಡಲ್ಲ, ವಾಸಿ ಆದ್ಮೇಲೆ ತುಳಿ,” ಎಂದು ಯಾಂಟೀನ್ ಒಂದು ದಿಂಬು ತಂದು ಕುರ್ಚಿಯ ಮೇಲೆ ಹಾಕಿ, ಕೈಯಿಂದ ಗುದ್ದಿ ಗುದ್ದಿ ಅದರ ನಡುವೆ ಗುಳಿ ಮಾಡಿಕೊಟ್ಟಳು. ಐವತ್ತು ತುಂಬಿದವಳು ಕಡೆಗೂ ತನ್ನ ಹಬ್ಬದಲ್ಲಿ ಕೂತಳು.

ಸಂಜೆ ಅಮ್ಮ ಹೊರಟಾಗ ರೂಲ್ಫೀನ್ ಗೇಟಿನವರೆಗೆ ಬಂದಳು. ಅಮ್ಮ ಕೋಟಿನ ಗುಂಡಿ ಹಾಕಿಕೊಂಡು, ತನ್ನ ಹಳೇ ಕಪ್ಪು ಸೈಕಲ್ ಹತ್ತಿ, ಯಾವತ್ತಿನ ಹಾಗೆ ಪೆಡಲ್ ಮೇಲೆ ನಿಂತೇ ತುಳಿಯುತ್ತ ಹೋದಳು. ಊರಲ್ಲಿ ಅವಳಿಗೆ ಅವಸರದ ಹಿಲ್ಲೆಖೀನ್ ಎಂದೇ ಹೆಸರು. ಅಂಗಡಿಗೆ ಹೋಗಲಿ, ಚರ್ಚಿಗೆ ಹೋಗಲಿ, ಸತ್ತವರ ಮನೆಗೆ ಹೋಗಲಿ, ಅವಳು ಸೀಟಿನ ಮೇಲೆ ಕೂತದ್ದನ್ನು ಕಂಡವರಿಲ್ಲ. ಮಕ್ಕಳೂ ಹಾಗೆಯೇ ಕರೆದು ನಗುತ್ತಿದ್ದರು. ರೂಲ್ಫೀನ್ ಗೇಟು ಹಿಡಿದುಕೊಂಡು ನೋಡಿದಳು. ಆ ಮುದುಕಿಗೆ ಯಾವತ್ತೂ ಯಾವ ಅವಸರವೂ ಇರಲಿಲ್ಲ.

“ಅಮ್ಮಾ!” ಎಂದು ಕೂಗಿದಳು. “ಸೋಮವಾರ ಡಾಕ್ಟರಿಗೆ ಫೋನ್ ಮಾಡ್ತೀನಿ, ನಿನ್ನ ಹೆಸರು ಹೇಳ್ತೀನಿ!”

ಅಮ್ಮ ಬ್ರೇಕು ಹಾಕಿ, ಒಂದು ಕಾಲು ನೆಲಕ್ಕೂರಿ ತಿರುಗಿದಳು.

“ಸೋಮವಾರವಾ?” ಎಂದಳು. “ಅಷ್ಟು ದಿನ ಕಾಯ್ಬೇಕಾ?”